ತಾಮ್ರದ ಬೆಟ್ಟವು ಗುಂಡಿಯಾದ ಚರಿತ್ರೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಮೂರು ಸಂಜೆಗಳ ಕೂಟದಲ್ಲಿ ಎರಡನೆಯ ದಿನ ವಿಚಾರಣಾ ಗುರುಗಳು ಮಾಡಿದ ಭಾಷಣದ ಪಾಠ)



ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ ‘ನಮ್ಮ ದೇವಾಲಯದ ನೂರು ವರ್ಷಗಳು’ ಎಂದು ಅಚ್ಚಾಗಿದೆ. ಆದರೆ ನಿನ್ನೆಯ ಸಂಜೆ ನಮ್ಮ ಹಿರಿಯ ಉಪಾಧ್ಯಾಯರು ಜ್ಞಾನಸ್ನಾನದ ಹಳೆಯ ದಫ್ತರಗಳನ್ನೇ ಮುಂದಿರಿಸಿಕೊಂಡು, ಹುಲ್ಲು ಹೊದಿಸಿದ ಮೊದಲ ದೇವಾಲಯದಿಂದ ಇಂದಿನ ಗಂಟೆಗೋಪುರದವರೆಗೆ ಸಕಲವನ್ನೂ ಎರಡು ಗಂಟೆಗಳ ಕಾಲ ವಿವರಿಸಿದ್ದಾರೆ. ಅದನ್ನೇ ನಾವು ಮತ್ತೊಮ್ಮೆ ಹೇಳಹೊರಟರೆ ತಮ್ಮ ತಾಳ್ಮೆಗೆ ಅಪಚಾರವಾದೀತು. ಆದುದರಿಂದ ಸಮಿತಿಯವರ ಅಪ್ಪಣೆ ಪಡೆದು, ಇಂದು ಬಹುದೂರದ ಒಂದು ಊರಿನ, ಅಲ್ಲಿಯ ಒಂದು ತಾಮ್ರದ ಗಣಿಯ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸಿದ್ದೇವೆ. ಹಬ್ಬದ ವೇಳೆಯಲ್ಲಿ ಗಣಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಪಾಲನಾ ಸಮಿತಿಯ ಸದಸ್ಯರಿಗೆ ಮಾತ್ರ ಕಾರಣ ಆಗಲೇ ಹೊಳೆದಿರಬೇಕು. ಉಳಿದವರಿಗೆ ಕೊನೆಯಲ್ಲಿ ತಿಳಿಸುತ್ತೇವೆ.

ಈ ಧರ್ಮಕೇಂದ್ರಕ್ಕೆ ನಾವು ಬರುವುದಕ್ಕೆ ಮುಂಚೆ, 2011ರ ಬೇಸಿಗೆಯಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ಪಟ್ಟಣದಲ್ಲಿ ರಜೆಯ ಮೇಲೆ ತೆರಳಿದ್ದ ಒಬ್ಬ ಗುರುಗಳ ಬದಲಿಗೆ ಆರು ವಾರ ಬಲಿಪೂಜೆ ಅರ್ಪಿಸುವ ಅವಕಾಶ ನಮಗೆ ಒದಗಿತ್ತು. ಸಮುದ್ರಮಟ್ಟದಿಂದ ಒಂದು ಮೈಲಿಗೂ ಮೇಲೆ, ರಾಕಿ ಪರ್ವತಗಳ ಮಡಿಲಲ್ಲಿರುವ ಊರು ಅದು. ನಮ್ಮ ಕಡೆ ಮನೆಗೆ ನೆಂಟರು ಬಂದರೆ ಹತ್ತಿರದ ಜಲಪಾತಕ್ಕೋ ಪುಣ್ಯಕ್ಷೇತ್ರಕ್ಕೋ ಕರೆದೊಯ್ಯುತ್ತೇವೆ. ಆ ಊರಿನವರು ಹೊಸಬರನ್ನು ಮೊದಲು ಕರೆದೊಯ್ಯುವುದು ಗುಂಡಿಯ ಬಳಿಗೆ. ‘ಸ್ವಾಮಿಗಳೇ, ಗುಂಡಿಯನ್ನು ನೋಡಿದಿರಾ?’ ಎಂದು ಮೊದಲ ಭಾನುವಾರವೇ ನಾಲ್ಕಾರು ಜನ ಕೇಳಿದರು. ಚೀಟಿ ಕೊಂಡು, ಮಣ್ಣಿನ ದಿಬ್ಬದೊಳಗೆ ಕೊರೆದ ಸುರಂಗವೊಂದನ್ನು ದಾಟಿ, ಮರದ ಅಟ್ಟಣೆಯೊಂದರ ಮೇಲೆ ನಿಂತೆವು. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬರಿಯ ಬಂಡೆಗಳ ಮಹಾಪಾತ್ರೆ. ಅದರ ಅರ್ಧಕ್ಕೂ ಮಿಗಿಲಾಗಿ ತುಂಬಿ ನಿಂತ ಕಂದುಗೆಂಪು ನೀರು. ದಡದಲ್ಲಿ ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ. ಅದರ ಹೆಸರು ಬರ್ಕ್ಲಿ ಗುಂಡಿ. ಉದ್ದ ಒಂದು ಮೈಲಿ, ಅಗಲ ಅರ್ಧ ಮೈಲಿ, ಆಳ ಸುಮಾರು 1,780 ಅಡಿ. ನಮ್ಮ ಜೋಗದ ಜಲಪಾತವನ್ನು ಕಂಡವರು ಅದರ ಎರಡರಷ್ಟಕ್ಕೂ ಹೆಚ್ಚಿನ ಆಳವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ನಮ್ಮನ್ನು ಕರೆದೊಯ್ದಿದ್ದ ವೃದ್ಧರೊಬ್ಬರು ಕೈ ನೀಡಿ, ‘ಇಲ್ಲೊಂದು ಬೆಟ್ಟವಿತ್ತು’ ಎಂದರು.

ಆ ಬೆಟ್ಟದ ಕಥೆ ಚಿನ್ನದಿಂದ ಆರಂಭವಾಗುತ್ತದೆ. 1864ರಲ್ಲಿ ಹಳ್ಳದ ಮರಳಿನಲ್ಲಿ ಚಿನ್ನದ ಕಣಗಳು ದೊರೆತು ಜನ ನೆರೆದರು. ಚಿನ್ನ ಬೇಗನೆ ತೀರಿತು. ಬೆಳ್ಳಿಯ ಕಾಲ ಬಂತು. ಐರ್ಲೆಂಡಿನ ಕ್ಯಾವನ್ ಪ್ರಾಂತದಲ್ಲಿ ಹುಟ್ಟಿ, ಬಡತನದಿಂದಾಗಿ ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿದ ಮಾರ್ಕಸ್ ಡೇಲಿ ಎಂಬುವರು ಅನಕೊಂಡ ಎಂಬ ಬೆಳ್ಳಿಯ ಗಣಿಯನ್ನು ಕೊಂಡು ಕೆಳಗೆ ಕೆಳಗೆ ಅಗೆಯಿಸುತ್ತಿದ್ದಾಗ, 1882ರಲ್ಲಿ, ತಾಮ್ರದ ಭಾರಿ ಸಿರೆಯೊಂದು ಕಾಣಿಸಿಕೊಂಡಿತು. ಅದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಎಡಿಸನ್ನರ ಮೊದಲ ವಿದ್ಯುತ್ ಕೇಂದ್ರವು ದೀಪಗಳನ್ನು ಬೆಳಗಿಸಿತು. ಲೋಕವೆಲ್ಲ ತಂತಿ ಬೇಕೆನ್ನತೊಡಗಿತು. ತಂತಿಗೆ ತಾಮ್ರ ಬೇಕು. ಇಪ್ಪತ್ತೇ ವರ್ಷಗಳ ತರುವಾಯ, 1902ರಲ್ಲಿ, ನಮ್ಮ ನಾಡಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತೆಂಬುದು ತಮಗೆ ತಿಳಿದೇ ಇದೆ. ಒಂದು ಗಣಿಯ ಲೋಹವಿಲ್ಲದೆ ಇನ್ನೊಂದು ಗಣಿಯ ದೀಪ ಉರಿಯದ ಕಾಲ ಅದು. ಈಗ ತಮ್ಮ ತಲೆಯ ಮೇಲೆ ಬೆಳಗುತ್ತಿರುವ ದೀಪಗಳೂ, ನಮ್ಮ ಮುಂದಿರುವ ಈ ಧ್ವನಿವರ್ಧಕವೂ ತಾಮ್ರದ ಋಣದಲ್ಲೇ ಇವೆ. ಆದುದರಿಂದ ಗಣಿಗಾರರನ್ನು ಹಳಿಯುವುದಕ್ಕೆ ನಾವು ಇಲ್ಲಿ ನಿಂತಿಲ್ಲ.

‘ಭೂಮಿಯ ಮೇಲಿನ ಅತ್ಯಂತ ಶ್ರೀಮಂತ ಬೆಟ್ಟ’ ಎಂದು ಅದನ್ನು ಕರೆದರು. ಅದನ್ನು ಅಗೆದವರಾದರೋ ಲೋಕದ ಬಡವರು. ಐರ್ಲೆಂಡಿನ ಕಾರ್ಕ್ ಪ್ರಾಂತದ ತುದಿಯಲ್ಲಿ ಅಲಿಹೀಸ್ ಎಂಬಲ್ಲಿ ತಾಮ್ರದ ಗಣಿಗಳಿದ್ದವು. ಅವು ಬಡವಾದಾಗ ಅಲ್ಲಿಯ ಕೆಲಸಗಾರರು ತಂಡತಂಡವಾಗಿ ಸಾಗರ ದಾಟಿ ಬ್ಯೂಟಿಗೆ ಬಂದರು. ಕಾರ್ನ್‌ವಾಲಿನವರು ಬಂದರು, ಇಟಲಿಯವರು, ಸ್ಲಾವರು, ಫಿನ್ಲೆಂಡಿನವರು, ಚೀನೀಯರು ಬಂದರು. ಗಣಿಯೊಳಗೆ ಧೂಮಪಾನ ನಿಷೇಧದ ಫಲಕವನ್ನು ಹದಿನಾರು ಭಾಷೆಗಳಲ್ಲಿ ಬರೆದಿರಬೇಕಾಗಿತ್ತೆಂದು ಅಲ್ಲಿ ಈಗಲೂ ಹೇಳುತ್ತಾರೆ. ಇವರಲ್ಲಿ ಬಹುಮಂದಿ ಕಥೋಲಿಕರು. ಕೂಲಿಯ ಹಣದಿಂದಲೇ ಒಂದೊಂದು ಕೇರಿಗೂ ಒಂದೊಂದು ದೇವಾಲಯ ಎದ್ದಿತು. ಪಾಳಿ ಮುಗಿಸಿ ಬಂದವರು ಮುಖದ ಮಸಿ ತೊಳೆದು ಹಾಗೆಯೇ ಪೂಜೆಗೆ ನಿಲ್ಲುತ್ತಿದ್ದರಂತೆ. ನಮ್ಮ ದೇವಾಲಯದ ಅಡಿಪಾಯಕ್ಕೆ ಪ್ರತಿ ಮನೆಯವರೂ ವಾರಕ್ಕೊಂದು ಹಿಡಿ ಅಕ್ಕಿ ತೆಗೆದಿರಿಸಿದ್ದ ಸಂಗತಿಯನ್ನು ಉಪಾಧ್ಯಾಯರು ನಿನ್ನೆ ಹೇಳಿದಾಗ ನಮಗೆ ಅವರ ನೆನಪಾಯಿತು.

ನೆಲದೊಳಗಿನ ದುಡಿಮೆ ಅಗ್ಗದ್ದಾಗಿರಲಿಲ್ಲ. 1917ನೆಯ ಇಸವಿ ಜೂನ್ 8ರ ರಾತ್ರಿ ಸ್ಪೆಕ್ಯುಲೇಟರ್ ಎಂಬ ಗಣಿಯೊಳಗೆ ಒಂದು ಭಾರವಾದ ವಿದ್ಯುತ್ ಕೇಬಲನ್ನು ಇಳಿಸುತ್ತಿದ್ದಾಗ ಅದು ಕೈಜಾರಿ ಬಿತ್ತು. ಬೆಂಕಿಯಿಂದ ಗಣಿಯನ್ನು ರಕ್ಷಿಸುವ ವ್ಯವಸ್ಥೆಗಾಗಿಯೇ ತಂದಿದ್ದ ಕೇಬಲ್ ಅದು! ಅದನ್ನು ಪರೀಕ್ಷಿಸಲು ಹೋದವರ ಕಾರ್ಬೈಡ್ ದೀಪ ತಗುಲಿ ಎಣ್ಣೆಯಲ್ಲಿ ತೊಯ್ದ ಹೊದಿಕೆಗೆ ಬೆಂಕಿ ಹತ್ತಿತು. ಹೊಗೆಯು ಸುರಂಗದಿಂದ ಸುರಂಗಕ್ಕೆ ಹಬ್ಬಿ 168 ಮಂದಿ ಸತ್ತರು. ಮೇನಸ್ ಡಗ್ಗನ್ ಎಂಬ ತರುಣ ಕೆಲವರನ್ನು ಕೂಡಿಕೊಂಡು, ಹಲಗೆ ಮಣ್ಣುಗಳಿಂದಲೂ ತಮ್ಮ ಮೈಮೇಲಿನ ಬಟ್ಟೆಗಳಿಂದಲೂ ಸುರಂಗಕ್ಕೆ ಅಡ್ಡಗೋಡೆ ಕಟ್ಟಿ, ವಿಷದ ಗಾಳಿಯನ್ನು ತಡೆದ. ಆ ಗೋಡೆಯ ಹಿಂದೆ ಇದ್ದವರಲ್ಲಿ 25 ಮಂದಿ ಬದುಕಿ ಬಂದರು; ಡಗ್ಗನ್ ಬರಲಿಲ್ಲ. ಕತ್ತಲಲ್ಲಿ ಅವನು ಮಡದಿಗೂ ತಾಯಿಗೂ ಬರೆದಿಟ್ಟ ಚೀಟಿಗಳು ಮಾತ್ರ ಬಂದವು.

ಇಂತಹ ನೆನಪುಗಳಿದ್ದ ಊರಿಗೆ 1955ರಲ್ಲಿ ಬಯಲು ಗಣಿ ಬಂತು. ಬೆಟ್ಟದೊಳಗಿನ ಸಿರಿವಂತ ಸಿರೆಗಳು ಅಷ್ಟರಲ್ಲಿ ತೆಳುವಾಗಿದ್ದವು. ಉಳಿದ ತಾಮ್ರವೆಲ್ಲ ಬಂಡೆಯ ಮೈಯಲ್ಲಿ ಚೆದುರಿ ಹೋಗಿತ್ತು. ನೂರು ಭಾಗ ಕಲ್ಲಿನಲ್ಲಿ ಒಂದು ಭಾಗವೂ ತಾಮ್ರವಿಲ್ಲ. ಅಂತಹ ಬಡ ಅದಿರನ್ನು ಸುರಂಗದಿಂದ ಹೊರುವುದು ಲಾಭವಲ್ಲ. ಬೆಟ್ಟವನ್ನೇ ಮೇಲಿನಿಂದ ಸಿಡಿಸಿ, ದೊಡ್ಡ ಯಂತ್ರಗಳಿಂದ ಬಾಚಿ, ಲಾರಿಗಳಲ್ಲಿ ತುಂಬಿಸಿದರೆ ಲಾಭ. ಅನಕೊಂಡ ಕಂಪನಿಯವರು ಹೀಗೆ ಲೆಕ್ಕ ಹಾಕಿದರು, ಮತ್ತು ಆ ಲೆಕ್ಕ ಸುಳ್ಳಾಗಿರಲಿಲ್ಲ. ಊರಿನವರೂ ಬೇಡವೆನ್ನಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮಗ ಇನ್ನು ಕತ್ತಲಿಗಿಳಿಯದೆ ಬಿಸಿಲಿನಲ್ಲಿ ದುಡಿದು ಬರುತ್ತಾನೆ ಎಂದರೆ ಯಾವ ತಾಯಿ ಬೇಡವೆಂದಾಳು? ಸುಮಾರು 27 ವರ್ಷಗಳಲ್ಲಿ ಆ ಒಂದು ಗುಂಡಿಯಿಂದ 32 ಕೋಟಿ ಟನ್ನಿನಷ್ಟು ಅದಿರನ್ನು ತೆಗೆದರು. ಅದನ್ನು ತಲುಪುವುದಕ್ಕಾಗಿ ಬದಿಗೆಸೆದ ವ್ಯರ್ಥ ಕಲ್ಲು 70 ಕೋಟಿ ಟನ್ನಿಗೂ ಹೆಚ್ಚು.

ಬಯಲು ಗಣಿಯ ಸ್ವಭಾವವೇನೆಂದರೆ, ಅದು ಆಳವಾಗಬೇಕಾದರೆ ಅಗಲವೂ ಆಗಲೇಬೇಕು. ನಮ್ಮ ಬಾವಿಯಂತೆ ನೇರ ಇಳಿಯುವಂತಿಲ್ಲ, ದಡ ಕುಸಿದೀತು. ಪ್ರತಿ ಮೆಟ್ಟಿಲು ಕೆಳಗಿಳಿದಾಗಲೂ ಮೇಲಿನ ಅಂಚು ಹೊರಕ್ಕೆ ಸರಿಯುತ್ತದೆ. ಅಂಚಿನಲ್ಲಿ ಇದ್ದದ್ದು ಊರು. ಇಟಲಿಯವರ ಮೀಡರ್‌ವಿಲ್ ಎಂಬ ಕೇರಿ ತನ್ನ ಊಟೋಪಚಾರಗಳಿಗೂ ಹಾಡು ಕುಣಿತಗಳಿಗೂ ಸುತ್ತಿನ ಪ್ರಾಂತಕ್ಕೆಲ್ಲ ಹೆಸರಾಗಿತ್ತು. 1960ರ ದಶಕದ ಆರಂಭದ ಹೊತ್ತಿಗೆ ಅದು ಇಲ್ಲವಾಯಿತು. ಈಸ್ಟ್ ಬ್ಯೂಟ್ ಹೋಯಿತು. ಸ್ಲಾವರು ನೆಲೆಸಿದ್ದ ಮೆಕ್ವೀನ್ ಹೋಯಿತು. ಅದರೊಡನೆ ಅಲ್ಲಿಯ ಹೋಲಿ ಸೇವಿಯರ್ ದೇವಾಲಯವೂ ಹೋಯಿತು. ಕಂಪನಿಯು ಮನೆಗಳಿಗೆ ಬೆಲೆ ಕೊಟ್ಟೇ ಕೊಂಡಿತು. ಯಾರನ್ನೂ ಕತ್ತು ಹಿಡಿದು ನೂಕಲಿಲ್ಲ. ಆದರೆ ಪಕ್ಕದ ಮನೆಯವನು ಮಾರಿ ಹೋದ ಮೇಲೆ, ದಿನವೂ ಸಿಡಿಮದ್ದಿನ ಸದ್ದಿಗೆ ಪಾತ್ರೆಗಳು ಅದುರುವಾಗ, ಉಳಿದವನು ಎಷ್ಟು ದಿನ ತಾನೇ ಉಳಿದಾನು?

ನಾವು ಪ್ರಸಾದ ಕೊಂಡೊಯ್ಯುತ್ತಿದ್ದ ರೋಗಿಗಳಲ್ಲಿ ಮೀಡರ್‌ವಿಲ್ಲಿನಲ್ಲಿ ಹುಟ್ಟಿ ಬೆಳೆದ ವೃದ್ಧೆಯೊಬ್ಬರಿದ್ದರು. ತಮ್ಮ ತಂದೆಯ ಮನೆಯನ್ನು ಬುಡಸಹಿತ ಎತ್ತಿ ಗಾಲಿಗಳ ಮೇಲಿಟ್ಟು ಸಾಗಿಸಿದ್ದನ್ನು ಅವರು ನಗುತ್ತಲೇ ವರ್ಣಿಸಿದರು. ಕಿಟಕಿಯ ಪರದೆಗಳು ಸಹ ಹಾಗೆಯೇ ತೂಗುತ್ತಿದ್ದವಂತೆ. ಆಮೇಲೆ ನಗುವುದನ್ನು ನಿಲ್ಲಿಸಿ ಹೀಗೆಂದರು: ‘ಊರು ಸುಟ್ಟರೆ ಬೂದಿಯ ಮೇಲೆ ನಿಲ್ಲಬಹುದು ಸ್ವಾಮಿ. ಮುಳುಗಿದರೆ ದೋಣಿಯಲ್ಲಿ ಹೋಗಿ ಮೇಲೆ ನಿಲ್ಲಬಹುದು. ನಾನು ಜ್ಞಾನಸ್ನಾನ ಪಡೆದ ಜಾಗ ಈಗ ಬರಿಯ ಗಾಳಿ. ಅಲ್ಲಿ ಹಕ್ಕಿ ಮಾತ್ರ ಹಾರಬಲ್ಲದು.’ ಗುರುಮಠದಲ್ಲಿ ನಾವು ಕಲಿತ ತತ್ವಶಾಸ್ತ್ರದಲ್ಲಿ ಸ್ಥಳವೆಂದರೇನು ಎಂಬುದರ ಕುರಿತು ಒಂದು ದೀರ್ಘ ಪಾಠವಿತ್ತು. ಆ ತಾಯಿಯ ಮಾತಿಗೆ ಉತ್ತರವಾಗುವಂಥದ್ದೇನೂ ಅದರಲ್ಲಿ ನಮಗೆ ನೆನಪಾಗಲಿಲ್ಲ. ಪ್ರಾರ್ಥನೆ ಹೇಳಿ ಬಂದೆವು.

ಊರಿನ ಪೂರ್ವಕ್ಕೆ ಕೊಲಂಬಿಯಾ ಉದ್ಯಾನವೆಂಬುದೊಂದಿತ್ತು. ವಿಲಿಯಂ ಕ್ಲಾರ್ಕ್ ಎಂಬ ಮತ್ತೊಬ್ಬ ತಾಮ್ರದ ಒಡೆಯರು 1899ರಲ್ಲಿ ಅದನ್ನು ತೆರೆದರು. ಮರಗಿಡ ಬೆಳೆಯದ, ಹೊಗೆ ಕವಿದ ಆ ಊರಿಗೆ ಅದೊಂದೇ ಹಸುರು. ವಾರದಲ್ಲಿ ಒಂದು ದಿನ ಮಕ್ಕಳಿಗೆ ಟ್ರಾಮಿನಲ್ಲಿ ಪುಕ್ಕಟೆ ಪ್ರಯಾಣ. ಅಲ್ಲಿಯ ಪಾತಿಗಳಿಂದ ಪ್ಯಾನ್ಸಿ ಹೂಗಳನ್ನು ಕಿತ್ತು ಅಮ್ಮನಿಗೆ ಕೊಂಡೊಯ್ಯಲು ಅನುಮತಿ. ಇಂದು ಎಪ್ಪತ್ತು ದಾಟಿದ ಬ್ಯೂಟಿನವರನ್ನು ಮಾತನಾಡಿಸಿದರೆ ಆ ಹೂಗಳ ಪ್ರಸ್ತಾಪ ಬಾರದೆ ಇರದು. 1973ರಲ್ಲಿ ಉದ್ಯಾನವನ್ನು ಮುಚ್ಚಿದರು. ಅದರ ಕೆಳಗೂ ತಾಮ್ರವಿತ್ತು. ಅದೇ ನವೆಂಬರಿನಲ್ಲಿ ಬೆಂಕಿ ಬಿದ್ದು, ಮಕ್ಕಳ ತಿರುಗುವ ಮರದ ಕುದುರೆಗಳೂ ಸುಟ್ಟುಹೋದವು.

ಇಷ್ಟೆಲ್ಲವನ್ನೂ ಕೊಟ್ಟರಲ್ಲ, ಗಣಿ ಉಳಿಯಿತೇ ಎಂದು ಕೇಳಬಹುದು. ಅನಕೊಂಡ ಕಂಪನಿಯ ಬಲವೆಲ್ಲ ಇದ್ದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಗಣಿಗಳಲ್ಲಿ. 1971ರಲ್ಲಿ ಆ ದೇಶವು ತನ್ನ ತಾಮ್ರವನ್ನು ರಾಷ್ಟ್ರೀಕರಣ ಮಾಡಿತು. 1977ರಲ್ಲಿ ಕಂಪನಿಯು ಆರ್ಕೋ ಎಂಬ ಎಣ್ಣೆಯ ಸಂಸ್ಥೆಯ ವಶವಾಯಿತು. ತಾಮ್ರದ ಧಾರಣೆ ಕುಸಿದಿತ್ತು. 1980ರಲ್ಲಿ ನೆರೆಯ ಅನಕೊಂಡ ಪಟ್ಟಣದ ಕರಗಿಸುವ ಕಾರ್ಖಾನೆ ಮುಚ್ಚಿತು. 585 ಅಡಿ ಎತ್ತರದ ಅದರ ಹೊಗೆಗೊಳವೆ ಮಾತ್ರ ಈಗಲೂ ನಿಂತಿದೆ. 1982ರಲ್ಲಿ ಗುಂಡಿಯೂ ನಿಂತಿತು. ಆ ವರ್ಷದ ಏಪ್ರಿಲ್ 22ರಂದು, ಸುಮಾರು ಮುಕ್ಕಾಲು ಮೈಲಿ ಆಳದಿಂದ ಹಗಲಿರುಳು ನೀರೆತ್ತುತ್ತಿದ್ದ ಪಂಪುಗಳನ್ನು ನಿಲ್ಲಿಸಿದರು. ಅದು ಭೂಮಿಯ ದಿನವೆಂದು ಆಚರಿಸುವ ದಿನ. ಯಾರೂ ಬೇಕೆಂದು ಆ ದಿನವನ್ನು ಆರಿಸಿರಲಾರರು.

ಇಲ್ಲಿಂದ ಮುಂದಿನ ಭಾಗವನ್ನು ದಯಮಾಡಿ ಗಮನವಿಟ್ಟು ಕೇಳಬೇಕು. ಸಾವಿರಾರು ಮೈಲಿ ಉದ್ದದ ಹಳೆಯ ಸುರಂಗಗಳೆಲ್ಲ ಆ ಗುಂಡಿಗೆ ಕೂಡಿಕೊಂಡಿವೆ. ಪಂಪು ನಿಂತೊಡನೆ ನೆಲದ ನೀರು ಅವುಗಳಲ್ಲಿ ಏರತೊಡಗಿ, ಮರುವರ್ಷ ಗುಂಡಿಯ ತಳದಲ್ಲಿ ಕಾಣಿಸಿಕೊಂಡಿತು. ಆ ಬಂಡೆಗಳಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಖನಿಜವಿದೆ. ಬೆಟ್ಟದೊಳಗೆ ಮುಚ್ಚಿಕೊಂಡಿದ್ದಾಗ ಅದು ಸಾಧು. ಒಡೆದು ಗಾಳಿಗೂ ನೀರಿಗೂ ತೆರೆದಿಟ್ಟರೆ ಗಂಧಕಾಮ್ಲವಾಗುತ್ತದೆ. ಆಮ್ಲವು ಬಂಡೆಯಲ್ಲಿರುವ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ಕರಗಿಸಿಕೊಳ್ಳುತ್ತದೆ. ನೀರು ನಿಂಬೆಯ ರಸದಷ್ಟು ಹುಳಿಯಾಯಿತು. ಅದರಲ್ಲಿ ಎಷ್ಟು ತಾಮ್ರವಿತ್ತೆಂದರೆ, ಹಳೆಯ ಕಬ್ಬಿಣದ ಚೂರುಗಳ ಮೇಲೆ ಹರಿಸಿ ತಾಮ್ರವನ್ನು ಇಳಿಸಿಕೊಳ್ಳುತ್ತಿದ್ದರು. 1995ರ ನವೆಂಬರಿನಲ್ಲಿ ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದ ಬಿಳಿ ಹೆಬ್ಬಾತುಗಳ ಹಿಂಡೊಂದು ಅದನ್ನು ಸರೋವರವೆಂದು ಭ್ರಮಿಸಿ ಇಳಿಯಿತು. 342 ಹಕ್ಕಿಗಳ ಹೆಣ ಸಿಕ್ಕಿತು. ಗಂಟಲು ಅನ್ನನಾಳಗಳು ಸುಟ್ಟಿದ್ದವು. ಅಂದಿನಿಂದ ಕಾವಲು ಹಾಕಿ, ಗುಂಡಿನ ಸದ್ದು ಮಾಡಿ ಹಕ್ಕಿಗಳನ್ನು ಓಡಿಸುವ ಏರ್ಪಾಡಾಯಿತು. ಆದರೂ 2016ರ ನವೆಂಬರ್ 28ರ ರಾತ್ರಿ ಹಿಮದ ಬಿರುಗಾಳಿಗೆ ಸಿಕ್ಕ ಹೆಬ್ಬಾತುಗಳು ಲೆಕ್ಕವಿಲ್ಲದಷ್ಟು ಬಂದಿಳಿದವು. ಬೇರೆ ಕೆರೆಗಳು ಹೆಪ್ಪುಗಟ್ಟಿದ್ದವು. ಕಾವಲಿನವರು ಮಾಡಬಹುದಾದುದನ್ನೆಲ್ಲ ಮಾಡಿದರು; 3,000ಕ್ಕೂ ಹೆಚ್ಚು ಸತ್ತವು.

ಹಕ್ಕಿಗಳ ಮಾತು ಹಾಗಿರಲಿ. ಆ ನೀರು ಸಮುದ್ರಮಟ್ಟದಿಂದ 5,410 ಅಡಿಯ ಗೆರೆಯನ್ನು ದಾಟಿದರೆ ಊರಿನ ಅಂತರ್ಜಲಕ್ಕೂ ಹಳ್ಳಕ್ಕೂ ಕೂಡಿಕೊಳ್ಳುತ್ತದೆಂದು ಅಲ್ಲಿಯ ಸರ್ಕಾರದವರು ಗೊತ್ತುಮಾಡಿದ್ದಾರೆ. ಆದುದರಿಂದ 2003ರಲ್ಲಿ ಶುದ್ಧೀಕರಣದ ಸ್ಥಾವರ ಎದ್ದಿತು. 2019ರಿಂದ ಗುಂಡಿಯ ನೀರನ್ನೇ ಎತ್ತಿ, ಸುಣ್ಣ ಬೆರೆಸಿ, ಶುದ್ಧಗೊಳಿಸಿ ಹಳ್ಳಕ್ಕೆ ಬಿಡುತ್ತಿದ್ದಾರೆ. ಹೊಣೆ ಹೊತ್ತ ಕಂಪನಿಗಳೂ ಸರ್ಕಾರವೂ ಸೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ ಈ ಕೆಲಸ ಎಷ್ಟು ಕಾಲ ನಡೆಯಬೇಕು? ನಮಗೆ ಅದನ್ನು ವಿವರಿಸಿದವರು ಬಳಸಿದ ಶಬ್ದ ‘ಶಾಶ್ವತವಾಗಿ’ ಎಂಬುದು. ನಾವು ಮತ್ತೆ ಕೇಳಿದೆವು. ಹೌದು, ಶಾಶ್ವತವಾಗಿಯೇ; ಬಂಡೆಯೊಳಗಿನ ಆ ಖನಿಜ ತೀರುವ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು.

ಯಾಜಕರಾದ ನಾವು ‘ಯುಗಯುಗಾಂತರಕ್ಕೂ’ ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಉಚ್ಚರಿಸುತ್ತೇವೋ ಎಣಿಸಿಲ್ಲ. ಅದನ್ನು ಒಂದು ಪಂಪಿನ ವಿಷಯದಲ್ಲಿ ಕೇಳಿದ್ದು ಅದೇ ಮೊದಲು. ಗುಂಡಿ ದುಡಿದದ್ದು 27 ವರ್ಷ. ನಮ್ಮ ದೇವಾಲಯಕ್ಕೆ ಈಗ ನೂರು ವರ್ಷ; ಇದನ್ನೇ ನಾವು ಬಹುಕಾಲವೆಂದು ತೋರಣ ಕಟ್ಟಿ ಸಂಭ್ರಮಿಸುತ್ತಿದ್ದೇವೆ.

ಬ್ಯೂಟಿನವರು ನಿರಾಶರಾಗಿ ಕುಳಿತವರಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. 1979ರಲ್ಲಿ ಗಣಿಯ ವಿದ್ಯುತ್ ಕೆಲಸಗಾರರೊಬ್ಬರು, ಕ್ಯಾನ್ಸರಿನಿಂದ ನರಳುತ್ತಿದ್ದ ಪತ್ನಿ ಗುಣಹೊಂದಿದರೆ ಮಾತೆ ಮರಿಯಮ್ಮನವರ ಆಳೆತ್ತರದ ಪ್ರತಿಮೆಯೊಂದನ್ನು ಅಂಗಳದಲ್ಲಿ ನಿಲ್ಲಿಸುವುದಾಗಿ ಹರಕೆ ಹೊತ್ತರು. ಆಕೆ ಗುಣಹೊಂದಿದರು. ಹರಕೆಯು ಗೆಳೆಯರ ಬಾಯಲ್ಲಿ ಬೆಳೆಯಿತು. ಕೆಲಸ ಕಳೆದುಕೊಂಡ ಗಣಿಗಾರರು ಯಂತ್ರಗಳನ್ನು ಬೇಡಿ ತಂದು, ಪೂರ್ವದ ಪರ್ವತದ ನೆತ್ತಿಗೆ ತಾವೇ ಬಂಡೆ ಸಿಡಿಸಿ ದಾರಿ ಮಾಡಿದರು. ಉಕ್ಕಿನ ಹಾಳೆಗಳನ್ನು ಬೆಸೆದು 90 ಅಡಿಯ ಪ್ರತಿಮೆಯನ್ನು ಖಂಡಖಂಡವಾಗಿ ಸಿದ್ಧಪಡಿಸಿದರು. ಕಥೋಲಿಕರಲ್ಲದವರೂ ಕೈಗೂಡಿಸಿದರು. 1985ರ ಡಿಸೆಂಬರ್ 20ರಂದು, ಕ್ರಿಸ್ತ ಜಯಂತಿಗೆ ಐದು ದಿನಗಳಿರುವಾಗ, ಹೆಲಿಕಾಪ್ಟರೊಂದು ಕೊನೆಯ ಭಾಗವನ್ನು ಎತ್ತಿ ಮೇಲಿರಿಸಿತು. ಊರಲ್ಲಿ ಗಂಟೆಗಳು ಮೊಳಗಿದವಂತೆ. ರಾತ್ರಿ ನಮ್ಮ ಕೋಣೆಯ ಕಿಟಕಿಯಿಂದ ಆ ಬೆಳಗುವ ಮೂರ್ತಿ ಕಾಣುತ್ತಿತ್ತು. ಅದರ ಕೆಳಗೆ ಕಪ್ಪಗೆ ಕಾಣುವುದು ಗುಂಡಿ.

1986ರಿಂದ ಪಕ್ಕದ ಇನ್ನೊಂದು ಬಯಲು ಗಣಿಯಲ್ಲಿ ಹೊಸ ಕಂಪನಿಯೊಂದು ತಾಮ್ರ ತೆಗೆಯುತ್ತಿದೆ. ಕೆಲವು ನೂರು ಸಂಸಾರಗಳು ಅದನ್ನೇ ನಂಬಿವೆ. ನಮಗೆ ಊಟ ಬಡಿಸಿದ ಮನೆಗಳಲ್ಲಿ ಅವೂ ಇದ್ದವು.

ಇನ್ನು, ಈ ವೃತ್ತಾಂತವನ್ನು ಏಕೆ ಎತ್ತಿದೆವೆಂಬುದು. ನಮ್ಮ ದೇವಾಲಯದ ಹಿಂದಿನ ಗುಡ್ಡ, ಪೂರ್ವಿಕರು ದಾನವಿತ್ತ ಏಳು ಎಕರೆ, ಅದರ ಕಲ್ಲಿಗಾಗಿ ಒಂದು ವ್ಯಾಪಾರ ಸಂಸ್ಥೆಯವರು ಕಳೆದ ಮಳೆಗಾಲದಲ್ಲಿ ನಮ್ಮನ್ನು ಕಂಡಿದ್ದಾರೆ. ಹದಿನೈದು ವರ್ಷಗಳ ಗುತ್ತಿಗೆ. ಅವರು ಹೇಳುವ ಮೊತ್ತದಿಂದ ಪ್ರೌಢಶಾಲೆಯ ಕಟ್ಟಡ ಮುಗಿಯುತ್ತದೆ. ಊರಿನ ಹುಡುಗರು ಬೆಂಗಳೂರಿಗೆ ಹೋಗದೆ ಇಲ್ಲಿಯೇ ದುಡಿಯಬಹುದು. ಪಾಲನಾ ಸಮಿತಿ ಎರಡು ಭಾಗವಾಗಿದೆ. ಗುತ್ತಿಗೆ ಬೇಕೆನ್ನುವವರು ಲೋಭಿಗಳಲ್ಲ; ನಾವೇ ಮೊದಲ ದಿನ ಲೇಖನಿಯ ಮುಚ್ಚಳ ತೆಗೆದಿದ್ದೆವು. ಶಾಲೆಯ ಸೋರುವ ಮಾಡು ನಮ್ಮ ಕಣ್ಣೆದುರಿಗೇ ಇದೆ. ಕಲ್ಲಿನ ಕ್ವಾರಿಯೂ ತಾಮ್ರದ ಗುಂಡಿಯೂ ಒಂದೇ ಅಲ್ಲವೆಂಬುದನ್ನೂ ಬಲ್ಲೆವು. ನಮ್ಮ ಕರಿಕಲ್ಲಿನಿಂದ ಗಂಧಕಾಮ್ಲ ಹರಿಯುವುದಿಲ್ಲ. ಹೆದರಿಸುವುದಕ್ಕಾಗಿ ಬ್ಯೂಟಿನ ಕಥೆ ಹೇಳಿದರೆಂದು ಯಾರೂ ತಿಳಿಯಬಾರದು.

ಆದರೆ ಕಾಗದದಲ್ಲಿ ಹದಿನಾರನೆಯ ವರ್ಷದ ಬಗ್ಗೆ ಒಂದು ಸಾಲೂ ಇಲ್ಲ. ಗುಂಡಿಯನ್ನು ಮುಚ್ಚುವವರು ಯಾರು, ಮಳೆನೀರು ತುಂಬಿದರೆ ಬೇಲಿ ಕಟ್ಟುವವರು ಯಾರು, ಗುಡ್ಡದಡಿಯ ಬಾವಿಗಳು ಬತ್ತಿದರೆ ಯಾರನ್ನು ಕೇಳಬೇಕು, ಇವೊಂದೂ ಇಲ್ಲ. ಗುಡ್ಡದ ತೆಂಕಣ ಇಳಿಜಾರಿನಲ್ಲಿ ನಮ್ಮ ಹಿರಿಯರ ಸಮಾಧಿಗಳಿವೆ. ಗುತ್ತಿಗೆಯ ನಕ್ಷೆಯಲ್ಲಿ ಅದರ ಅಂಚಿಗೂ ಕ್ವಾರಿಯ ಅಂಚಿಗೂ ನಡುವೆ ಐವತ್ತು ಅಡಿ ಬಿಟ್ಟಿದ್ದಾರೆ. ಅಂಚು ಸರಿಯುತ್ತದೆಂಬುದನ್ನು ನಾವು ನೋಡಿ ಬಂದಿದ್ದೇವೆ. ಈ ಪ್ರಶ್ನೆಗಳನ್ನು ಬರೆದು ಆ ಸಂಸ್ಥೆಯವರಿಗೆ ಕಳುಹಿಸಿ ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ.

ಕಾಗದಪತ್ರಗಳು ಗುರುಮನೆಯ ಕಪಾಟಿನಲ್ಲಿವೆ. ಓದಬಯಸುವವರು ಯಾವ ಹೊತ್ತಿಗಾದರೂ ಬಂದು ಓದಬಹುದು. ಹಬ್ಬ ಮುಗಿದ ಎರಡನೆಯ ಭಾನುವಾರ, ಎರಡನೆಯ ಬಲಿಪೂಜೆಯ ಅನಂತರ, ಇದೇ ಚಪ್ಪರದಡಿ ಸಭೆ ಸೇರುತ್ತದೆ. ಗುಡ್ಡದ ಕೆಳಗಿನ ಬಾವಿಗಳಿಂದ ನೀರು ಸೇದುವ ಮನೆಗಳವರೆಲ್ಲರೂ, ನಮ್ಮ ಧರ್ಮಕೇಂದ್ರಕ್ಕೆ ಸೇರಿದವರಿರಲಿ ಸೇರದವರಿರಲಿ, ಅಂದು ಬರಬೇಕೆಂದು ಕೋರುತ್ತೇವೆ. ಅವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಯುವಜನ ಸಂಘದವರು ವಹಿಸಿಕೊಂಡಿದ್ದಾರೆ.